ಹನ್ನೊಂದು ಸುತ್ತು

ಬೆಳಿಗ್ಗೆ ಹಲ್ಲುಜ್ಜುವಾಗಲೇ ಮನೋಹರನಿಗೆ ನಗು ಶುರುವಾಗಿತ್ತು. ಬಾಯಿ ತುಂಬ ಪೇಸ್ಟಿನ ನೊರೆ, ಎದುರಿಗೆ ಕನ್ನಡಿ, ಕನ್ನಡಿಯಲ್ಲಿ ನಲವತ್ತೆರಡು ವರ್ಷದ ಒಬ್ಬ ಕಾಲೇಜು ಗುಮಾಸ್ತನ ಮುಖ. ಈ ಮುಖಕ್ಕೆ ಸರ್ಕಾರ 'ಆವಿಷ್ಕಾರಕರು' ಎಂದು ಮರ್ಯಾದೆ ಕೊಟ್ಟು ಕಾಗದ ಬರೆದಿದೆ ಎಂದು ನೆನಪಾದದ್ದೇ ತಡ, ನೊರೆಯೆಲ್ಲ ಕನ್ನಡಿಗೆ ಸಿಡಿಯಿತು. ಹೆದರಿಕೆಯಾದಾಗ ನಗು ಬರುವುದು ಅವನಿಗೆ ಹುಟ್ಟಿನಿಂದ ಬಂದ ಕಾಯಿಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಕ್ಕಿದ್ದ, ಮದುವೆಯಲ್ಲಿ ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿಸುವಾಗ ನಕ್ಕಿದ್ದ, ಅಪ್ಪ ತೀರಿಕೊಂಡ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಕ್ಕು ನರ್ಸಿನಿಂದ ಬೈಸಿಕೊಂಡಿದ್ದ. ಆದರೆ ಇವತ್ತಿನ ನಗುವಿನಲ್ಲಿ ಹೆದರಿಕೆ ಎಷ್ಟು, ಸಂತೋಷ ಎಷ್ಟು ಎಂದು ಬಿಡಿಸಿ ನೋಡಲು ಆಗುತ್ತಿರಲಿಲ್ಲ. ಸರ್ಕಾರದ ಸಹಾಯಧನಕ್ಕೆ ಜಿಲ್ಲೆಯಿಂದ ಆಯ್ಕೆಯಾದ ಆರು ಅರ್ಜಿಗಳಲ್ಲಿ ಅವನ ಬೀದಿಯದೂ ಒಂದು. ಮೊನ್ನೆ ಕಾಗದ ಬಂದಾಗ ಬೀದಿಯವರನ್ನೆಲ್ಲ ಸೇರಿಸಿ ಗಟ್ಟಿಯಾಗಿ ಓದಿ ಹೇಳಿದ್ದ. ಕೊನೆಯ ಸಾಲನ್ನು ಮಾತ್ರ ಓದಿರಲಿಲ್ಲ. 'ಆವಿಷ್ಕಾರಕರು ಪರಿಶೀಲನಾಧಿಕಾರಿಗಳ ಎದುರು ಸದರಿ ಉತ್ಪನ್ನವನ್ನು ಖುದ್ದಾಗಿ ತಯಾರಿಸಿ ತೋರಿಸತಕ್ಕದ್ದು.' ಆ ಸಾಲು ಎರಡು ದಿನದಿಂದ ಅವನಿಗೆ ಕಚಗುಳಿ ಇಡುತ್ತಿತ್ತು.

ಉತ್ಪನ್ನ ಅವನದಲ್ಲ, ಮಾವ ಮೂಗಯ್ಯನವರದು. ಅದು ಹೊಟ್ಟಿನ ಬಿಲ್ಲೆ. ಇಲವಾಲದ ಕಡೆಯ ಸಾಮಿಲ್ಲಿನಲ್ಲಿ ಗುಡ್ಡೆ ಬೀಳುವ ಮರದ ಹೊಟ್ಟನ್ನು ತಂದು, ರಾಗಿ ಗಂಜಿಯಲ್ಲಿ ಕಲಸಿ, ತಗಡಿನ ಅಚ್ಚಿಗೆ ತುಂಬಿ ಒತ್ತಿದರೆ ಆಗುವಂಥದ್ದು. ಅಚ್ಚಿನ ನಡುವೆ ಗೂಟ ನಿಲ್ಲಿಸಿರುವುದರಿಂದ ಬಿಲ್ಲೆಯ ನಡುವೆ ತೂತು. ನೋಡಲು ತೊಲೆಯಷ್ಟು ದಪ್ಪದ ಉದ್ದಿನ ವಡೆ. ಎಂಟು ದಿನ ಒಣಗಿಸಿದ ಮೂರು ಬಿಲ್ಲೆಗಳನ್ನು ಡ್ರಮ್ಮಿನೊಳಗೆ ಒಂದರ ಮೇಲೊಂದು ಇಟ್ಟು ಕೆಳಗಿನಿಂದ ಕಿಡಿ ಕೊಟ್ಟರೆ, ಹೊಗೆಯಿಲ್ಲದೆ, ಊದುವ ಗೋಜಿಲ್ಲದೆ, ಇಡೀ ಬೆಳಿಗ್ಗೆ ಉರಿಯುತ್ತದೆ. ಅಶೋಕಪುರಂನ ಅವರ ಅಡ್ಡರಸ್ತೆಯಲ್ಲಿ ಇಪ್ಪತ್ತೆರಡು ಮನೆ, ಎಲ್ಲರಿಗೂ ಸೇರಿದ ಒಂದು ಸ್ನಾನದ ಮನೆ, ಅದರಲ್ಲಿ ವರ್ಷವಿಡೀ ತಣ್ಣೀರು. ಸಮುದಾಯ ಬಳಕೆಯ ಮರದ ಇಂಧನಕ್ಕೂ ನವೀನ ಮರದ ಉತ್ಪನ್ನಕ್ಕೂ ಸರ್ಕಾರ ಸಹಾಯಧನ ಕೊಡುತ್ತದೆ ಎಂದು ಕಾಲೇಜಿನ ಆಫೀಸಿಗೆ ಬಂದ ಸುತ್ತೋಲೆಯಲ್ಲಿ ನೋಡಿ, ದೊಡ್ಡ ಬಾಯ್ಲರು, ಅದಕ್ಕೆ ಕೊಳಾಯಿ, ಬಿಲ್ಲೆ ಒಣಗಿಸಲು ಒಂದು ಶೆಡ್ಡು ಎಂದೆಲ್ಲ ಕನಸು ಕಟ್ಟಿದವನು ಮನೋಹರನೇ. ಅಷ್ಟು ಅವನದು. ಅದರಲ್ಲಿ ಸುಳ್ಳಿಲ್ಲ.

"ಏನ್ರೀ, ಬೆಳಗ್ಗಿಂದ ಒಬ್ಬೊಬ್ರೆ ನಗ್ತಿದ್ದೀರ" ಎಂದಳು ಹೆಂಡತಿ ಭಾನುಪ್ರಿಯಾ, ತಟ್ಟೆಗೆ ಇಡ್ಲಿ ಹಾಕುತ್ತ.

"ಖುಷಿ ಕಣೇ."

"ಖುಷಿ ಆದ್ರೆ ಇಡ್ಲಿ ತಿನ್ನಿ. ಖಾಲಿ ಹೊಟ್ಟೇಲಿ ಖುಷಿ ಪಟ್ರೆ ತಲೆ ತಿರುಗುತ್ತೆ."

ಮೂಗಯ್ಯ ಬಾಗಿಲ ಬಳಿ ಕೂತು ಲೋಟದ ಕಾಫಿಯನ್ನು ಊದಿ ಊದಿ ಕುಡಿಯುತ್ತಿದ್ದರು. ಎಪ್ಪತ್ತನಾಲ್ಕು ವರ್ಷ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆರಳ ಸಂದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಹೊಟ್ಟಿನ ಬಣ್ಣ. ಅಳಿಯನನ್ನು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅವರು ಏಕವಚನದಲ್ಲಿ ಕರೆದವರಲ್ಲ.

"ಅಳಿಯಂದ್ರೆ, ಮೇಡಮ್ಮೋರು ಎಷ್ಟೊತ್ಗೆ ಬತ್ತಾರಂತೆ?"

"ಹತ್ತೂವರೆಗೆ ಮಾವ."

"ಹೊಟ್ಟು ಕಲ್ಸಿ ಮಡ್ಗಿವ್ನಿ. ನಾನೇ ಮಾಡಿ ತೋರ್ಸ್ಬೇಕಾ, ಇಲ್ಲಾ…"

ಆ 'ಇಲ್ಲಾ' ಎನ್ನುವುದು ಬಾಗಿಲು ತೆರೆದಿಟ್ಟ ಹಾಗೆ ಅಲ್ಲೇ ನಿಂತಿತು. ಮನೋಹರ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. "ನೋಡೋಣ ಮಾವ, ಅವ್ರು ಹೆಂಗೆ ಹೇಳ್ತಾರೋ" ಎಂದ. ಮೂಗಯ್ಯ "ಆಗ್ಲಿ ಬುಡಿ" ಎಂದು ಲೋಟ ಕೆಳಗಿಟ್ಟರು. ಮನೋಹರ ಇಡ್ಲಿಯನ್ನು ಹಾಗೇ ಬಿಟ್ಟು ತಟ್ಟೆಯಲ್ಲೇ ಕೈ ತೊಳೆದ.

ಅರ್ಜಿ ತುಂಬಿದ ದಿನವೂ ಮಾವ ಹೀಗೇ ಪಕ್ಕದಲ್ಲಿ ಕೂತಿದ್ದರು, ಕಾಲೇಜಿನ ಆಫೀಸಿನ ಕಂಪ್ಯೂಟರಿನ ಮುಂದೆ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಮೊಣಕಾಲ ಮೇಲೆ ಛತ್ರಿ ಇಟ್ಟುಕೊಂಡು. ಆವಿಷ್ಕಾರಕರ ಹೆಸರು ಎಂಬಲ್ಲಿ ಮನೋಹರ 'ಮೂಗಯ್ಯ' ಎಂದೇ ಬರೆದಿದ್ದ. ಮುಂದಿನದು ವಿದ್ಯಾರ್ಹತೆ. ಅಲ್ಲಿ ಬರೆಯುವ ಹಾಗಿರಲಿಲ್ಲ, ಪಟ್ಟಿಯಿಂದ ಆರಿಸಬೇಕು. ಪಟ್ಟಿ ಎಸ್ಸೆಸ್ಸೆಲ್ಸಿಯಿಂದ ಶುರುವಾಗುತ್ತಿತ್ತು. ಅದಕ್ಕೇ ತಾನೆ ಹೆಸರು ಅಳಿಸಿದ್ದು, 'ಮನೋಹರ್, ಬಿ.ಎ.' ಎಂದು ಹಾಕಿದ್ದು. ಅರ್ಜಿ ಮುಂದಕ್ಕೇ ಹೋಗದಿದ್ದರೆ ಏನು ಮಾಡಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಕೇಳಿಕೊಂಡಿದ್ದ. ಕೇಳಿಕೊಂಡಾಗಲೆಲ್ಲ ಪಟ್ಟಿಯ ಕಟ್ಟಕಡೆಗೆ 'ಇತರೆ' ಎಂದು ಇದ್ದದ್ದೂ ಕಣ್ಣಿಗೆ ಬರುತ್ತಿತ್ತು. ಅದನ್ನು ಆವತ್ತೇ ನೋಡಿದ್ದ. ನೋಡಿಯೂ ಬಿ.ಎ. ಮೇಲೆ ಬೆರಳೊತ್ತಿದ್ದ, ಒತ್ತಿದಾಗ ಮೈಯಲ್ಲೊಂದು ಸಣ್ಣ ಪುಳಕ ಎದ್ದಿತ್ತು. ಇಪ್ಪತ್ತು ವರ್ಷದಿಂದ ಬಿ.ಎ. ಯಾವ ಕೆಲಸಕ್ಕೂ ಬಂದಿರಲಿಲ್ಲ. ಮಾವನಿಗೆ ಎಲ್ಲವನ್ನೂ ಓದಿ ಹೇಳಿ, ಆ ಒಂದು ಕಡೆ ಕೆಮ್ಮಿ, ಮುಂದಿನದಕ್ಕೆ ಹಾರಿದ. ಮಾವ ತಲೆಯಾಡಿಸಿದರು. ಅರ್ಜಿಯ ಒಂದು ಪ್ರತಿಯನ್ನು ಕೇಳಿ ಈಸಿಕೊಂಡು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಮನೋಹರನ ಮದುವೆಯ ಕರೆಯೋಲೆಯನ್ನೂ ಹೀಗೇ ಜೇಬಿಗಿಟ್ಟುಕೊಂಡಿದ್ದರು. ಅದರಲ್ಲಿ ಮೂಗಯ್ಯ ಎಂಬ ಹೆಸರಿನ ಕೆಳಗೆ 'ಮರದ ವ್ಯಾಪಾರಿಗಳು' ಎಂದು ಅಚ್ಚು ಹಾಕಿಸಿದವನೂ ಮನೋಹರನೇ. ಮಾವ ತುಂಬ ಹೊತ್ತು ನೋಡಿ, "ಚೆಂದಾಗದೆ" ಅಂದಿದ್ದರು. ಕರೆಯೋಲೆಯ ಬಣ್ಣವನ್ನು ಹೇಳುತ್ತಿದ್ದಾರೆ ಎಂದುಕೊಂಡಿದ್ದ.

ಮರದ ವ್ಯಾಪಾರಿಗಳಲ್ಲ. ಅವರು ಲಕ್ಷ್ಮೀಪುರಂನ ಮನೆಗಳಿಗೆ ಹೋಗಿ ಹೊಟ್ಟಿನ ಒಲೆ ತುಂಬಿ ಬರುತ್ತಿದ್ದವರು. ಪ್ರತಿದಿನ ಸಂಜೆ ಹೆಗಲ ಮೇಲೆ ಹೊಟ್ಟಿನ ಮೂಟೆ, ಮನೆಗಳ ಹಿಂದೆ ಕಸದವರು ಓಡಾಡುವ ಕನ್ಸರ್ವೆನ್ಸಿ ಓಣಿ, ಹಿತ್ತಿಲ ಬಾಗಿಲು, ಬಚ್ಚಲು ಮನೆ. ಗೂಟ ನಿಲ್ಲಿಸಿ, ಹೊಟ್ಟು ಜಡಿದು, ಗೂಟ ಕಿತ್ತು, ಬಂದ ದಾರಿಯಲ್ಲೇ ವಾಪಸು. ಬೆಳಿಗ್ಗೆ ಆ ಮನೆಯವರು ಒಂದು ಕಡ್ಡಿ ಗೀರಿದರೆ ಸಾಕು. ಮನೆಮನೆಗೂ ಗೀಸರು ಬಂದ ಮೇಲೆ ಆ ಕೆಲಸ ನಿಂತುಹೋಯಿತು. ಕೈ ಸುಮ್ಮನಿರದೆ ಮೂಗಯ್ಯ ಬಿಲ್ಲೆ ಕಂಡುಹಿಡಿದರು. ಬಿಲ್ಲೆಯನ್ನು ಒತ್ತುವ ರೀತಿ ವಿಚಿತ್ರ: ಅಚ್ಚಿನ ಮೇಲೆ ದುಂಡು ಹಲಗೆ ಇಟ್ಟು, ಹಲಗೆಯ ತೂತಿನಿಂದ ಮೇಲೆ ಬಂದ ಗೂಟವನ್ನು ಎರಡು ಪಾದಗಳ ನಡುವೆ ಹಿಡಿದು, ನಿಂತಲ್ಲೇ ಸಣ್ಣ ಸಣ್ಣ ಹೆಜ್ಜೆಯಲ್ಲಿ ಸುತ್ತಬೇಕು. ಭಾನುವಾರ ಅವರು ಹಾಗೆ ಸುತ್ತುವಾಗ ಬೀದಿಯ ಮಕ್ಕಳು "ಅಜ್ಜನ ಡ್ಯಾನ್ಸು" ಎಂದು ಸುತ್ತ ನೆರೆಯುತ್ತಿದ್ದವು. ಮನೋಹರ ಕಿಟಕಿಯಿಂದ ನೋಡಿ, ಹನ್ನೊಂದು ಸುತ್ತಿನವರೆಗೆ ಎಣಿಸಿ, ನಾಚಿಕೆಯಾಗಿ ಒಳಗೆ ಹೋಗಿಬಿಡುತ್ತಿದ್ದ. ಹನ್ನೊಂದು ಎಂದು ಮಾತ್ರ ಅವನಿಗೆ ಗೊತ್ತು. ಇವತ್ತು ಆ ಹನ್ನೊಂದೇ ಅವನ ಇಡೀ ಬಂಡವಾಳ.

ಸ್ನಾನದ ಮನೆಯ ಮುಂದೆ ಬೀದಿಯ ಸಂಘದ ಅಧ್ಯಕ್ಷೆ ತಿಮ್ಮಮ್ಮ ಆಗಲೇ ನೀರು ಚಿಮುಕಿಸಿ, ರಂಗೋಲಿ ಹಾಕಿ, ಮೂರು ಕುರ್ಚಿ ಹಾಕಿಸಿದ್ದಳು. ಮೂವತ್ತು ವರ್ಷ ಪೌರಕಾರ್ಮಿಕಳಾಗಿ ಈ ಊರಿನ ಬೀದಿ ಗುಡಿಸಿದವಳು. ನಿವೃತ್ತಿಯ ದಿನ ಕೊಟ್ಟ ರೇಷ್ಮೆ ಸೀರೆಯನ್ನು ಇವತ್ತೇ ಮೊದಲ ಸಲ ಉಟ್ಟಿದ್ದಳು. "ಏನ್ಲಾ ಮನು, ಬೆವರ್ತಾ ಇದ್ದೀಯ. ನೀನೇನ್ ಮದ್ಲಗಿತ್ತಿ ನೋಡಕ್ ಬಂದಿದ್ದೀಯ?" ಎಂದಳು. "ನೋಡು, ನಂಗಿರೋದು ಒಂದೇ ಆಸೆ. ಈ ಮಾರ್ಗಶಿರದಾಗೆ ನಾನು ತಣ್ಣೀರು ಮುಟ್ಟಬಾರ್ದು. ಮಂಡಿ ಮಾತ್ ಕೇಳಕಿಲ್ಲ ಕಣಪ್ಪ." ಇಪ್ಪತ್ತೆರಡು ಮನೆಯ ಮಂಡಿಗಳೂ ತನ್ನ ಎರಡು ಪಾದಗಳ ಮೇಲೆ ನಿಂತಿವೆ ಎನ್ನಿಸಿ ಮನೋಹರನಿಗೆ ಮತ್ತೆ ನಗು ಒತ್ತರಿಸಿ ಬಂತು, ಬಗ್ಗಿ ಚಪ್ಪಲಿಯ ಉಂಗುಟ ಸರಿಮಾಡುವಂತೆ ನಟಿಸಿದ. ಬಿಸಿಲು ಚೆನ್ನಾಗಿತ್ತು. ಬೀದಿಯೆಲ್ಲ ರಾಗಿ ಗಂಜಿಯ, ತೇಗದ ಹೊಟ್ಟಿನ ವಾಸನೆ. ಇಂಥ ಬೆಳಗಿನಲ್ಲಿ ಕೆಟ್ಟದ್ದೇನೂ ಆಗಲಾರದು ಎಂದು ಅವನಿಗೆ ಖಂಡಿತವಾಗಿ ಅನ್ನಿಸಿತು. ಯಾಕೆ ಹಾಗನ್ನಿಸಿತೋ ಗೊತ್ತಿಲ್ಲ.

ಪರಿಶೀಲನಾಧಿಕಾರಿ ಅಪೂರ್ವ ಸಣ್ಣ ವಯಸ್ಸಿನವಳು. ಜೀಪಿನಿಂದ ಇಳಿದವಳೇ ಚಪ್ಪಲಿ ಬಿಟ್ಟು ಸ್ನಾನದ ಮನೆಯೊಳಗೆ ಹೋಗಿ ಕೊಳಾಯಿ ತಿರುಗಿಸಿ ನೋಡಿದಳು, ಒಣಗಿದ ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದಳು. "ಈ ವಾಸನೆ ನಂಗೆ ಗೊತ್ತು" ಎಂದಳು. "ಲಕ್ಷ್ಮೀಪುರಂನಲ್ಲಿ ನಮ್ಮಜ್ಜಿ ಮನೇಲೂ ಹೊಟ್ಟಿನ ಒಲೆ ಇತ್ತು. ನಾವು ಏಳೋಷ್ಟರಲ್ಲಿ ನೀರು ಕಾದಿರ್ತಿತ್ತು."

"ಯಾವ ಮನೆ ಮೇಡಂ?" ಎಂದರು ಮೂಗಯ್ಯ.

"ಶಾರದಮ್ಮ ಅಂತ. ಮುಂದೆ ದೊಡ್ಡ ಸಂಪಿಗೆ ಮರ ಇತ್ತು."

"ಹಿಂದ್ಗಡೆ ಏನಿತ್ತು ಹೇಳಿ. ಮುಂದ್ಗಡೆ ನಾನ್ ನೋಡಿಲ್ಲ."

ಅಪೂರ್ವ ಸ್ವಲ್ಪ ಯೋಚಿಸಿದಳು. "ಹಿಂದೆ… ದಾಸವಾಳ. ಒಗೆಯೋ ಕಲ್ಲು. ಅದರ ಮೂಲೆ ಒಡೆದಿತ್ತು."

"ಮೂಲೆ ಒಡ್ದಿರೋ ಕಲ್ಲು. ಗೊತ್ತು ಬುಡಿ" ಎಂದು ಮೂಗಯ್ಯ ತುಂಬ ಸಂತೋಷದಿಂದ ನಕ್ಕರು. "ನಿಮ್ಮ ಒಲೆ ಬಾಯಿ ವಸಿ ಕಿರಿದು. ಗೂಟ ಕೀಳೋವಾಗ ಹುಷಾರಾಗಿರ್ಬೇಕಿತ್ತು."

ಅವಳು ಬಿಲ್ಲೆಯನ್ನು ಮೆಲ್ಲಗೆ ಕೆಳಗಿಟ್ಟಳು. ಕಾಗದಗಳನ್ನು ತಿರುವಿ, "ಆವಿಷ್ಕಾರಕರು ಮನೋಹರ್ ಅಂತಿದೆ. ಯಾರು?" ಎಂದಳು. ಆ ಹೆಸರು ಅಷ್ಟು ಜನರ ನಡುವೆ ಗಟ್ಟಿಯಾಗಿ ಕೇಳಿಸಿದಾಗ ಮನೋಹರ ಮಾವನ ಕಡೆ ನೋಡಲಿಲ್ಲ. ಶಾಲೆಯಲ್ಲಿ ಹಾಜರಿ ಹೇಳುವಂತೆ ಕೈ ಎತ್ತಿದ. ತಿಮ್ಮಮ್ಮ ಏನೋ ಹೇಳಲು ಬಾಯಿ ತೆರೆದವಳು ಮೂಗಯ್ಯನ ಮುಖ ನೋಡಿ ರಂಗೋಲಿಯ ಕಡೆ ತಿರುಗಿಕೊಂಡಳು. ಮೂಗಯ್ಯ ಅಚ್ಚನ್ನು ತಂದಿಟ್ಟರು, ಬುಟ್ಟಿಯಿಂದ ಹೊಟ್ಟು ಸುರಿದರು, ಗೂಟ ನೆಟ್ಟಗಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ, ಹಲಗೆ ಮುಚ್ಚಿದರು. ಆಮೇಲೆ ಅಳಿಯ ಹತ್ತಲಿ ಎಂದು ಬಗ್ಗಿ ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮಾವನ ನರೆತ ನೆತ್ತಿಯನ್ನು ಮನೋಹರ ಮೇಲಿನಿಂದ ನೋಡಿದ್ದು ಅದೇ ಮೊದಲು.

"ಎಷ್ಟು ಸುತ್ತು?" ಎಂದಳು ಅಪೂರ್ವ.

"ಹನ್ನೊಂದು."

"ಯಾಕೆ ಹನ್ನೊಂದು?"

"ಸಾಂದ್ರತೆ ಮೇಡಂ" ಎಂದ. ಎಂದವನಿಗೇ ಅದು ಎಲ್ಲಿಂದ ಬಂತೋ ತಿಳಿಯಲಿಲ್ಲ.

ಒಂದು. ಬಲಕ್ಕೆ ಸುತ್ತಿದ. ಕಾಲ ಕೆಳಗೆ ಹೊಟ್ಟು ಮೆತ್ತಗೆ ಇಳಿಯಿತು, ಹಸೀ ಮಣ್ಣಿನ ಮೇಲೆ ನಿಂತ ಹಾಗೆ. ಎರಡು. ಸ್ನಾನದ ಮನೆ, ಜೀಪು, ರಂಗೋಲಿ, ತಿಮ್ಮಮ್ಮನ ರೇಷ್ಮೆ ಸೀರೆ, ಮತ್ತೆ ಸ್ನಾನದ ಮನೆ. ಇಷ್ಟೇ ತಾನೆ, ಇಷ್ಟು ಸುಲಭವೇ ಎಂದು ಎದೆ ಹಗುರಾಯಿತು. ನಾಲ್ಕು. ಯಾರೋ ಚಪ್ಪಾಳೆ ತಟ್ಟಿದರು, ಅವನು ಹೆಜ್ಜೆ ಚುರುಕು ಮಾಡಿದ. ಮರದ ವ್ಯಾಪಾರಿಗಳು, ಚೆಂದಾಗದೆ, ಸಾಂದ್ರತೆ, ಇತರೆ. ಐದೋ ಆರೋ. ಜೀಪು ಈಗ ರಂಗೋಲಿಯ ಮೇಲಿತ್ತು, ರಂಗೋಲಿ ತಿಮ್ಮಮ್ಮನ ಸೀರೆಯ ಮೇಲಿತ್ತು, ಕಾಲೇಜಿನ ಪ್ರಿನ್ಸಿಪಾಲರು ಅವನ ಬಿ.ಎ.ಗೆ ಹಾರ ಹಾಕುತ್ತಿದ್ದರು, ಖಾಲಿ ಹೊಟ್ಟೆಯಿಂದ ನಗು ಗುಳುಗುಳು ಎಂದು ಮೇಲಕ್ಕೆ ಬರುತ್ತಿತ್ತು, ನಗಬಾರದು ಎಂದು ತುಟಿ ಕಚ್ಚಿದಷ್ಟೂ ಸಂತೋಷ ಉಕ್ಕುತ್ತಿತ್ತು. ಇದು ಮಾವನ ಸಂತೋಷವಲ್ಲವೇ, ಭಾನುವಾರ ಭಾನುವಾರ ಅವರು ಒಬ್ಬರೇ ಅನುಭವಿಸುತ್ತಿದ್ದದ್ದು, ಅದನ್ನೂ ಕದ್ದೆನಲ್ಲ, ಎಂಟು, ಕದ್ದರೂ ಎಷ್ಟು ಚೆನ್ನಾಗಿದೆ, ಒಂಬತ್ತು, ಪ್ರತಿ ಸುತ್ತಿನಲ್ಲೂ ಕೆಳಗೆ ಒಂದು ನರೆತ ನೆತ್ತಿ ಬಂದು ಹೋಗುತ್ತಿತ್ತು, ಅದೊಂದೇ ಅಲುಗಾಡದೆ ಇದ್ದ ವಸ್ತು, ಹತ್ತು. ಹನ್ನೊಂದಕ್ಕೆ ನಿಂತ. ಅವನು ನಿಂತ, ಬೀದಿ ನಿಲ್ಲಲಿಲ್ಲ. ಅಶೋಕಪುರಂ ತನ್ನಷ್ಟಕ್ಕೆ ಸುತ್ತುತ್ತಲೇ ಹೋಯಿತು. ಮಾವನ ಭುಜ ಹಿಡಿಯಲು ಹೋಗಿ, ಅದು ಕೈಗೆ ಸಿಗದೆ, ಪಕ್ಕದ ಹೊಟ್ಟಿನ ಗುಡ್ಡೆಯ ಮೇಲೆ ದೊಪ್ಪೆಂದು ಬಿದ್ದ.

ಅಚ್ಚು ಎತ್ತಿದಾಗ ಬಿಲ್ಲೆಯೂ ಉಳಿಯಲಿಲ್ಲ. ಗೂಟದ ಸುತ್ತ ಓರೆಯಾಗಿ ಬಿರುಕು ಬಿಟ್ಟು, ಮೂರು ಹೋಳಾಗಿ ಕಳಚಿತು. ಮೂಗಯ್ಯ ತಟಕ್ಕನೆ, "ತಪ್ಪು ನಂದೇ ಮೇಡಂ, ಗಂಜಿ ವಸಿ ನೀರಾಗೋಯ್ತು" ಎಂದರು. ಗಂಜಿ ನೀರಾಗಿರಲಿಲ್ಲ, ಅದು ಮನೋಹರನಿಗೂ ಗೊತ್ತಿತ್ತು. ಹೊಟ್ಟಿನಲ್ಲಿ ಬಿದ್ದಲ್ಲೇ ಅವನು ನಗಲು ಶುರುಮಾಡಿದ. ತಲೆಕೂದಲಲ್ಲೆಲ್ಲ ಹೊಟ್ಟು, ಬಾಯಲ್ಲೂ ಹೊಟ್ಟು. ಧೈರ್ಯವೇನೂ ಬಂದಿರಲಿಲ್ಲ, ಪಶ್ಚಾತ್ತಾಪವೂ ಇನ್ನೂ ಪೂರ್ತಿ ಹುಟ್ಟಿರಲಿಲ್ಲ. ಬೀದಿಯೇ ಸುತ್ತುತ್ತಿರುವಾಗ ಒಂದು ಸುಳ್ಳನ್ನು ಮಾತ್ರ ನೆಟ್ಟಗೆ ಹಿಡಿದು ನಿಲ್ಲಿಸುವುದು ಅವನಿಂದ ಆಗಲಿಲ್ಲ, ಅಷ್ಟೇ.

"ಗಂಜಿ ಸರಿಯಾಗಿದೆ ಮೇಡಂ. ನಂಗೆ ಬಿಲ್ಲೆ ಮಾಡಕ್ಕೆ ಬರಲ್ಲ. ಕಂಡುಹಿಡಿದೋರು ಇವ್ರು, ನಮ್ಮ ಮಾವ. ಅರ್ಜೀಲಿ ನನ್ನ ಹೆಸರು ನಾನೇ ಹಾಕ್ಕೊಂಡೆ."

"ಅಯ್ಯೋ ನಿನ್ನ" ಎಂದು ತಿಮ್ಮಮ್ಮ ಕುರ್ಚಿಯ ಮೇಲೆ ಕುಸಿದಳು.

ಅಪೂರ್ವ ಪೆನ್ನು ಮುಚ್ಚಿದಳು, ತೆರೆದಳು. "ಇದು ತಪ್ಪು ಮಾಹಿತಿ ಆಗುತ್ತೆ, ನಿಮಗೆ ಗೊತ್ತಲ್ವಾ? ಹೆಸರು ತಿದ್ದಿದ್ರೆ ಫೈಲು ಮತ್ತೆ ಸಮಿತಿಗೆ ಹೋಗ್ಬೇಕು. ಈ ವರ್ಷದ ಪಟ್ಟೀಲಿ ಉಳಿಯುತ್ತೋ ಇಲ್ವೋ, ನಾನು ಮಾತು ಕೊಡಕ್ಕಾಗಲ್ಲ."

"ಎಸ್ರು ಅಂಗೇ ಇರ್ಲಿ ಬುಡಿ ಮೇಡಂ" ಎಂದರು ಮೂಗಯ್ಯ. "ನೀರು ಕಾದ್ರೆ ಸಾಕು."

ಮನೋಹರ ಎದ್ದು ಕೂತ. ಬಾಯ್ಲರು, ಕೊಳಾಯಿ, ಶೆಡ್ಡು, ತಿಮ್ಮಮ್ಮನ ಮಂಡಿ, ಎಲ್ಲವೂ ಕಣ್ಣ ಮುಂದೆ ಒಂದು ಸುತ್ತು ಬಂದವು. ಅವನು ತಿಮ್ಮಮ್ಮನ ಕಡೆ ನೋಡಿದ. ಅವಳು ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು. "ಇಷ್ಟ್ ವರ್ಸ ತಣ್ಣೀರಲ್ಲೇ ಮಿಂದಿಲ್ವಾ" ಎಂದಳು ಕೊನೆಗೆ, ಯಾರ ಮುಖವನ್ನೂ ನೋಡದೆ. "ತಿದ್ದು. ಆ ಮುದ್ಕನ್ ಎಸ್ರು ಬರಿ. ಇದೊಂದ್ ಬಾಕಿ ಇತ್ತು ನಮ್ಗೆ." ಮನೋಹರ ಕಾಗದ ಈಸಿಕೊಂಡು ತನ್ನ ಹೆಸರಿನ ಮೇಲೆ ಗೆರೆ ಎಳೆದ. ತಲೆ ಇನ್ನೂ ತಿರುಗುತ್ತಿದ್ದುದರಿಂದ ಗೆರೆ ಸೊಟ್ಟಗೆ ಹೋಗಿ ಬಿ.ಎ.ಯನ್ನೂ ದಾಟಿ ಅಂಚಿನವರೆಗೆ ಹೋಯಿತು. ಮೇಲೆ 'ಮೂಗಯ್ಯ' ಎಂದು ಬರೆದ. ವಿದ್ಯಾರ್ಹತೆಯ ಎದುರು 'ಇತರೆ' ಎಂದು ಬರೆದು ಸಹಿ ಹಾಕಿದ.

ಆಮೇಲೆ ಮೂಗಯ್ಯ ಹಲಗೆ ಹತ್ತಿದರು. ಬಲಕ್ಕೆ ಹನ್ನೊಂದು ಸುತ್ತಿದರು, ಒಂದು ಗಳಿಗೆ ನಿಂತರು, ಎಡಕ್ಕೆ ತಿರುಗಿ ಹನ್ನೊಂದು ಸುತ್ತಿದರು. ಇಳಿದಾಗ ಅವರ ಕಾಲು ಒಂದಿಷ್ಟೂ ತಡವರಿಸಲಿಲ್ಲ. ಅಚ್ಚು ಎತ್ತಿದರೆ ಬಿಲ್ಲೆ ಇಡಿಯಾಗಿ ನಿಂತಿತ್ತು. ಎಡಕ್ಕೆ ಯಾಕೆ ಎಂದು ಅಪೂರ್ವ ಕೇಳಿದಳು. "ಒಂದೇ ಕಡೀಕ್ ಸುತ್ತುದ್ರೆ ಬಿಲ್ಲೆಗೂ ತಲೆ ತಿರುಗ್ತದೆ ಮೇಡಂ" ಎಂದರು. ಅವಳು ಅದನ್ನು ಹಾಗೆಯೇ ಬರೆದುಕೊಂಡಳು. ಹೊರಡುವಾಗ ಮೂಗಯ್ಯನಿಗೆ ಕೈ ಮುಗಿದು ಜೀಪು ಹತ್ತಿದಳು.

ಬೀದಿಯವರು ಒಬ್ಬೊಬ್ಬರೇ ಒಳಗೆ ಹೋದರು. ಕೆಲವರು ಮನೋಹರನನ್ನು ಮಾತಾಡಿಸಲಿಲ್ಲ, ಅದು ನ್ಯಾಯವೇ. ಅವನು ಒಡೆದ ಬಿಲ್ಲೆಯ ಪಕ್ಕದಲ್ಲಿ ಕೂತೇ ಇದ್ದ. ಎದ್ದರೆ ಬೀಳುತ್ತೇನೆಂದು ಗೊತ್ತಿತ್ತು. ಮೂಗಯ್ಯ ಆ ಹೋಳುಗಳನ್ನು ಪುಡಿ ಮಾಡಿ ಮತ್ತೆ ಅಚ್ಚಿಗೆ ತುಂಬತೊಡಗಿದರು.

"ಮಾವ, ನಿಮಗೆ ಹೇಳ್ಬೇಕಿತ್ತು."

"ಗೊತ್ತಿತ್ತಲ್ಲ" ಎಂದರು ಅವರು, ಕೈ ನಿಲ್ಲಿಸದೆ. "ಅರ್ಜಿ ತಂದು ಓದ್ದೆ. ನಿಧಾನಕ್ ಓದ್ತೀನಿ, ಓದಕ್ ಬತ್ತದೆ. ಮದುವೆ ಕರೆಯೋಲೇನೂ ಓದಿದ್ದೆ."

ಮಾವನಿಗೆ ಓದಲು ಬರುವುದಿಲ್ಲ ಎಂದು ಮನೋಹರನಿಗೆ ಯಾರೂ ಹೇಳಿರಲಿಲ್ಲ. ತಾನೇ ಅಂದುಕೊಂಡಿದ್ದ.

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅಳಿಯಂದ್ರು ಎಸ್ರು ಬರ್ಕೊಂಡವ್ರೆ, ಅಂದ್ಮೇಲೆ ಕಲಿಯಕ್ ಬತ್ತಾರೆ ಅಂದ್ಕೊಂಡೆ." ಗೂಟವನ್ನು ನೆಟ್ಟಗೆ ಮಾಡಿದರು. "ಪ್ರತಿ ಭಾನುವಾರ ಇಬ್ರಿಗಾಗೋಷ್ಟು ಹೊಟ್ಟು ಕಲ್ಸಿ ಮಡಗ್ತಿದ್ದೆ. ನೀವು ಕಿಟಕೀಲಿ ನಿಂತ್ಕಂಡು ಒಳೀಕ್ ಹೋಗ್ಬುಡ್ತಿದ್ರಿ."

ಮನೋಹರನಿಗೆ ಈಗ ನಗು ಬರಲಿಲ್ಲ. ಅರ್ಜಿ ಹಾಕಿದಾಗಿನಿಂದ ಕಳೆದ ಹತ್ತು ಭಾನುವಾರಗಳು ಒಂದರ ಹಿಂದೊಂದು, ಬುಟ್ಟಿಯಲ್ಲಿ ಮಿಕ್ಕು ಒಣಗಿದ ಹೊಟ್ಟಿನ ಸಮೇತ, ಅವನ ಮುಂದೆ ಬಂದು ನಿಂತವು. ನಾಚಿಕೆಯಿಂದ ಅವನಿಗೆ ಅಲ್ಲೇ ಕರಗಿಹೋಗಬೇಕು ಅನ್ನಿಸಿತು. ಮೂಗಯ್ಯ ಹಲಗೆ ಮುಚ್ಚಿ, ಬಗ್ಗಿ, ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹತ್ತಿ. ನಿಮ್ದು ಎಡಕ್ಕೆ ಹನ್ನೊಂದು ಉಳ್ಕಂಡದೆ. ಅಷ್ಟು ಸುತ್ತುದ್ರೆ ತಲೆ ನಿಲ್ತದೆ."

ಅವನು ಹತ್ತಿದ. ಮೊದಲ ಸುತ್ತಿನಲ್ಲಿ ಬೀದಿ ಅವನಿಗೆ ಎದುರಾಗಿ ನೂಕಿತು, ಎರಡನೆಯದರಲ್ಲೂ ನೂಕಿತು. ಕಿಟಕಿಯಲ್ಲಿ ಭಾನುಪ್ರಿಯಾ ನಿಂತಿದ್ದಳು, ಆಮೇಲೆ ಸ್ನಾನದ ಮನೆ ಬಂತು, ಅಳಿಸಿಹೋದ ರಂಗೋಲಿ ಬಂತು, ಮತ್ತೆ ಭಾನುಪ್ರಿಯಾ. ಐದಕ್ಕೆ ನಗು ವಾಪಸು ಬಂತು, ಅದರ ಜೊತೆ ಕಣ್ಣಲ್ಲಿ ನೀರೂ ಬಂತು. ಹೊಟ್ಟು ಬಿದ್ದಿದೆ ಎಂದು ಒರೆಸಿಕೊಂಡ. ಮಾವ ಕೆಳಗಿನಿಂದ ಎಣಿಸುತ್ತಿದ್ದರು. ಹನ್ನೊಂದು ಎಂದಾಗ ಬೀದಿ ನಿಂತಿತು. ಹಲಗೆಯಿಂದ ಇಳಿಯುವಾಗ ಅವನು ಕೈ ಚಾಚಿದ, ಈ ಸಲ ಮಾವನ ಭುಜ ಇದ್ದಲ್ಲೇ ಸಿಕ್ಕಿತು.